ಸ್ತ್ರೀಪರ ಪುರುಷರ ರಂಗ ಮತ್ತು ಒಂದು ಒಂಟಿ ಕಾಲುಚೀಲ

ಗಂಡ ಸ್ತ್ರೀವಾದಿಯಾದಾಗಿನಿಂದ ವೆನಿಂಗಳ ಮನೆಗೆಲಸ ಸರಿಯಾಗಿ ಎರಡರಷ್ಟಾಗಿತ್ತು.

ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಹೇಳಿದರೆ, "ಅಯ್ಯೋ, ಮಗೂನ ಸೊಂಟಕ್ಕೆ ಕಟ್ಕೊಂಡು ಓಣಿ ತುಂಬ ಓಡಾಡೋ ಗಂಡ ಸಿಕ್ಕಿದಾನೆ, ಅದಕ್ಕೂ ಗೊಣಗ್ತೀಯಲ್ಲೇ!" ಎಂದು ಎದುರುಮನೆಯವರಿಂದ ಹಿಡಿದು ತರಕಾರಿ ಗಾಡಿಯವಳವರೆಗೆ ಎಲ್ಲರೂ ಅವಳಿಗೇ ಬುದ್ಧಿ ಹೇಳುತ್ತಿದ್ದರು. ಬೈಯುವ ಗಂಡನ ಮೇಲೆ ದೂರು ಹೇಳಬಹುದು, ಕುಡಿಯುವ ಗಂಡನ ಮೇಲೆ ಹೇಳಬಹುದು. ಸಮಾನತೆಯ ಅಧ್ಯಕ್ಷನ ಮೇಲೆ ದೂರು ಕೊಡುವುದು ಯಾವ ಠಾಣೆಯಲ್ಲಿ?

ಅವಳ ಗಂಡ ಲುಕಿತೊ ಜೋಗ್ಜಾ ನಗರದ ಒಂದು ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಇನ್ನೊಬ್ಬ ಮೇಷ್ಟ್ರಿಗೆ ಜ್ವರ ಬಂದದ್ದರಿಂದ ಅವರ ಬದಲಿಗೆ ಸೆಮರಾಂಗಿನಲ್ಲಿ ಎರಡು ದಿನದ ಶಿಬಿರಕ್ಕೆ ಹೋಗಿದ್ದ. ಹೋಗುವಾಗ ಸಾಧಾರಣ ಗಂಡನಾಗಿ ಹೋದವನು, ಬರುವಾಗ ಒಂದು ಬಟ್ಟೆಚೀಲ, ಒಂದು ಪ್ರಮಾಣಪತ್ರ ಮತ್ತು ನೇರಳೆ ಬಣ್ಣದ ಅಂಗಿಯ ಸಮೇತ ಸ್ತ್ರೀವಾದಿಯಾಗಿ ಬಂದ. ಅದೇ ವಾರ ಹೊಳೆಯಂಚಿನ ಅವರ ಓಣಿಯಲ್ಲಿ 'ಸ್ತ್ರೀಪರ ಪುರುಷರ ರಂಗ' ಉದಯವಾಯಿತು. ಸ್ಥಾಪಕ ಅಧ್ಯಕ್ಷ ಅವನೇ. ಗೌರವಾಧ್ಯಕ್ಷರು ಓಣಿಯ ಮುಖ್ಯಸ್ಥರಾದ ಪಕ್ ಮರ್ವೊತೊ. ('ಪಕ್' ಅಂದರೆ ಅಲ್ಲಿ ಗಂಡಸರಿಗೆ, 'ಬು' ಅಂದರೆ ಹೆಂಗಸರಿಗೆ ಮರ್ಯಾದೆಯ ಮಾತು.) ಒಟ್ಟು ಸದಸ್ಯರು ಹದಿನಾಲ್ಕು. ಸಭೆ ಪ್ರತಿ ಶುಕ್ರವಾರ ಸಂಜೆ. ಸ್ಥಳ (ಇನ್ನೆಲ್ಲಿ?) ವೆನಿಂಗಳ ನಡುಮನೆ.

ಮೊದಲ ಶುಕ್ರವಾರ ಲುಕಿತೊ ಎಲ್ಲರೆದುರು ಎದೆಯುಬ್ಬಿಸಿ ಹೆಂಡತಿಗೆ ಹೇಳಿದ್ದ (ಅವಳು ಅವನಿಗೆ 'ದಿಕ್', ಅವನು ಅವಳಿಗೆ 'ಮಾಸ್'): "ದಿಕ್, ನೀನು ಆರಾಮಾಗಿ ಕೂತ್ಕೋ. ಇವತ್ತಿಂದ ಟೀ ನಾವೇ ಮಾಡ್ಕೋತೀವಿ."

ವೆನಿಂಗ್ ಕೂತಳು. ಮದುವೆಯಾದ ಮೇಲೆ ನಡುಮನೆಯ ಆ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಕೂತದ್ದು ಒಟ್ಟು ನಾಲ್ಕು ನಿಮಿಷ.

"ದಿಕ್, ಸಕ್ಕರೆ ಎಲ್ಲಿದೆ?"

"ಕೆಂಪು ಡಬ್ಬಿ, ಮಾಸ್."

"ಇದರಲ್ಲಿ ಉಪ್ಪಿದೆಯಲ್ಲ!"

"ಅದು ಕಿತ್ತಳೆ ಡಬ್ಬಿ. ಅದರ ಹಿಂದಿಂದು ನೋಡಿ."

"ಹಿಂದೆ ಏನೂ ಇಲ್ಲ... ಇದೆ, ಇದೆ. ಟೀಪುಡಿ? ಸೌಟು? ಹದಿನಾಲ್ಕು ಲೋಟ ನಮ್ಮನೇಲಿ ಇದೆಯಾ? ದಿಕ್, ಇದು ಕುದಿಯೋದು ಅಂದ್ರೆ ಯಾವಾಗ ಕುದ್ದ ಹಾಗೆ?"

ಭೌತಶಾಸ್ತ್ರದ ಮೇಷ್ಟ್ರು ನೀರು ಕುದಿಯುವುದು ಯಾವಾಗ ಎಂದು ಕೇಳಿದ ಮೇಲೆ ಅವಳಿಗೆ ಕೂತಿರಲು ಆಗಲಿಲ್ಲ. ಎದ್ದಳು. ಎದ್ದವಳು ಟೀ ಮಾಡಿದಳು, ಬರೀ ಟೀ ಹೇಗೆ ಕೊಡುವುದೆಂದು ಹುದುಗಿಸಿದ ಸೋಯಾಕಾಳಿನ ತೆಂಪೆಯಿಂದ ಬಜ್ಜಿ ಕರಿದಳು. ಅವಳ ತೆಂಪೆ ಬಜ್ಜಿ ಹಿಟ್ಟಿನಲ್ಲಿ ಅದ್ದಿ, ಒಳಗೆ ಮೆತ್ತಗಿರುವಾಗಲೇ ಎತ್ತಿದ್ದು, ಬಾಯಲ್ಲಿಟ್ಟರೆ ಕರಗುವಂಥದು. ಎರಡನೆಯ ಶುಕ್ರವಾರ ಹದಿನಾಲ್ಕಕ್ಕೆ ಹದಿನಾಲ್ಕೂ ಸದಸ್ಯರು ಹಾಜರ್. ಸಮಾನತೆಗೆ ಇಷ್ಟು ಬೆಂಬಲವಿದೆಯೆಂದು ಲುಕಿತೊನ ಕಣ್ಣು ತುಂಬಿಬಂತು.

ಆಮೇಲೆ ಪ್ರತಿ ಶುಕ್ರವಾರ ಅದೇ. ಅವಳು ಒಲೆಯ ಮುಂದೆ ಬೆವರುತ್ತಿದ್ದರೆ ನಡುಮನೆಯಿಂದ ಗಂಡನ ಗಂಭೀರ ಕಂಠ ಕೇಳಿಸುತ್ತಿತ್ತು: "ಅಡುಗೆಮನೆಯಲ್ಲಿ ಹೆಣ್ಣಿನ ದುಡಿಮೆ ಗಂಡಸಿನ ಕಣ್ಣಿಗೆ ಕಾಣೋದೇ ಇಲ್ಲ! ಯಾಕೆ ಕಾಣಲ್ಲ, ಗೆಳೆಯರೇ? ಯಾಕೆ? ...ದಿಕ್, ಇನ್ನೊಂದು ತಟ್ಟೆ ಬಜ್ಜಿ."

ಒಂದು ಮಾತು ಒಪ್ಪಿಕೊಳ್ಳಬೇಕು. ಸಭೆ ನಡೆಯುವಷ್ಟು ಹೊತ್ತು ಲುಕಿತೊ ಮಗಳು ಗೆಂಡಿಸಳನ್ನು ತಾನೇ ಬಟ್ಟೆಯ ಜೋಲಿಯಲ್ಲಿ ಕಟ್ಟಿಕೊಳ್ಳುತ್ತಿದ್ದ. (ಫೋಟೋ ಆ ರಾತ್ರಿಯೇ ಓಣಿಯ ವಾಟ್ಸಾಪ್ ಗುಂಪಿಗೆ ಬರುತ್ತಿತ್ತು.) ಅವನ ಕೈ ಸೋತಾಗ ಮಗು ಪಕ್ಕದವರ ಕೈಗೆ, ಅಲ್ಲಿಂದ ಅದರಾಚೆಯವರ ಕೈಗೆ, ಹೀಗೆ ಹದಿನಾಲ್ಕು ಮಡಿಲು ಸುತ್ತಿ ಬರುತ್ತಿತ್ತು.

ವೆನಿಂಗಳ ನಿಜವಾದ ಚಿಂತೆ ಬಜ್ಜಿಯಲ್ಲ, ಬೆವರೂ ಅಲ್ಲ. ಆ ಮಗುವೇ.

ಗೆಂಡಿಸ್‌ಗೆ ಹತ್ತು ತಿಂಗಳು. ಅವಳ ಗುಲಾಬಿ ಬಣ್ಣದ ತೂಕದ ಕಾರ್ಡಿನಲ್ಲಿ ಎಂಟು ತಿಂಗಳವರೆಗೆ ಹಸಿರು ಪಟ್ಟಿಯೊಳಗೆ ನೆಟ್ಟಗೆ ಮೇಲೇರಿದ್ದ ಗೆರೆ ಆಮೇಲೆ ಚಾಪೆಯಂತೆ ಮಲಗಿಬಿಟ್ಟಿತ್ತು. ಏಳು ಕಿಲೋ ಇನ್ನೂರು. ಮುಂದಿನ ತಿಂಗಳೂ ಏಳು ಕಿಲೋ ಇನ್ನೂರು. ವೆನಿಂಗ್ ಒಂದು ನೋಟುಪುಸ್ತಕ ಇಟ್ಟಳು. ಅಡುಗೆಯ ಪುಟ್ಟ ತಕ್ಕಡಿಯಲ್ಲಿ ತೂಗಿ ತೂಗಿ ಬರೆದಳು: 'ಸೋಮ. ಗಜ್ಜರಿ ಮುದ್ದೆ ನಲವತ್ತು ಗ್ರಾಂ. ಹೊಟ್ಟೆಗೆ ಹನ್ನೊಂದು, ಮುಖಕ್ಕೆ ಹದಿನಾಲ್ಕು, ನೆಲಕ್ಕೆ ಹದಿನೈದು.' ಅದರಲ್ಲೂ ಶುಕ್ರವಾರದ ಪುಟಗಳು ಎದೆ ನಡುಗಿಸುವಂತಿದ್ದವು: 'ಶುಕ್ರ. ರಾತ್ರಿಯೂಟಕ್ಕೆ ಬಾಯಿಯೇ ತೆರೆಯಲಿಲ್ಲ. ಪಿತ್ತಕೋಶ?' ಮುಂದಿನ ಶುಕ್ರ: 'ಮತ್ತೆ ಬಾಯಿ ತೆರೆಯಲಿಲ್ಲ. ಚಮಚ ಕಂಡರೆ ನಗುತ್ತಾಳೆ. ನರದ ತೊಂದರೆ?' ವಾರಕ್ಕೊಮ್ಮೆ ಮಾತ್ರ ಬರುವ ಕಾಯಿಲೆ ಯಾವುದೆಂದು ಅವಳು ಫೋನಿನಲ್ಲಿ ಹುಡುಕಿದಳು. ಹನ್ನೊಂದು ಸಿಕ್ಕವು. ಹನ್ನೊಂದೂ ಗೆಂಡಿಸ್‌ಗೆ ಇದ್ದ ಹಾಗೆ ಕಂಡಿತು.

ಇದರ ಮೇಲೆ ಅತ್ತೆಯ ವಿಷಯ. ಅತ್ತೆ ಇರುವುದು ಕ್ಲಾತೆನ್‌ನಲ್ಲಿ, ರೈಲಿನಲ್ಲಿ ಒಂದು ಗಂಟೆ ದೂರ. ವೆನಿಂಗಳ ಪಾಲಿಗೆ ಆ ಒಂದು ಗಂಟೆ ದೇವರು ಕೊಟ್ಟ ವರ. ಬಾಣಂತನಕ್ಕೆಂದು ಬಂದವರು ಹನ್ನೊಂದು ದಿನದಲ್ಲಿ ಅವಳ ಡಬ್ಬಿಗಳೆಲ್ಲ ಜಾಗ ಬದಲಿಸಿ, ಮಗುವಿನ ಡಯಾಪರುಗಳನ್ನು ಅಟ್ಟಕ್ಕೆ ಹಾಕಿ, ದಿನಕ್ಕೆ ಮೂರು ಹೊತ್ತು ಅರಿಶಿನದ ಕಷಾಯ ಕುಡಿಸಿ ಹೋಗಿದ್ದರು. ಹೋದ ತಿಂಗಳು ಗೆರೆ ಎರಡನೆಯ ಸಲ ಮಲಗಿದಾಗ ಲುಕಿತೊ ಫೋನಿನಲ್ಲಿ ತನ್ನ ಇಬು, ಅಂದರೆ ಅಮ್ಮನ ಹತ್ತಿರ ಮಾತಾಡಿ ಮುಗಿಸಿ ಬಂದು ಹೇಳಿದ, "ಇಬುಗೆ ಹೇಳಿಬಿಟ್ಟೆ. ಈ ಸಲಾನೂ ತೂಕ ಏರದಿದ್ರೆ ಅವರು ಇಲ್ಲಿಗೇ ಬಂದು ಇರ್ತಾರೆ. ಮಗುಗೆ ಎರಡು ವರ್ಷ ಆಗೋವರೆಗೆ."

"ನನ್ನನ್ನ ಒಂದು ಮಾತು ಕೇಳಿದ್ರಾ, ಮಾಸ್?"

"ಇದರಲ್ಲಿ ಕೇಳೋದೇನಿದೆ? ಮಗೂನ ನೋಡ್ಕೊಳ್ಳೋದರಲ್ಲಿ ಅರ್ಧ ಪಾಲು ನಂದು ಅಂತ ರಂಗದಲ್ಲಿ ನಿರ್ಣಯ ಆಗಿದೆ. ಆ ನನ್ನ ಅರ್ಧಾನ ಇಬು ಮಾಡ್ತಾರೆ."

ವೆನಿಂಗ್ ಗಂಡನ ಮುಖವನ್ನೇ ನೋಡಿದಳು. ತಮಾಷೆಯಲ್ಲ. ಮುಖದಲ್ಲಿ ಸಮಾನತೆ ಥಳಥಳಿಸುತ್ತಿತ್ತು.

ಹೀಗೆ ಎಲ್ಲವೂ ಆ ತಿಂಗಳ ತೂಕದ ಮೇಲೆ ನಿಂತಿತ್ತು. ಅಷ್ಟರಲ್ಲಿ ರಂಗಕ್ಕೆ ಒಂದು ಭವ್ಯ ಯೋಜನೆ ಹೊಳೆಯಿತು. ಆ ಸಲ ಓಣಿಯ ಮಕ್ಕಳನ್ನೆಲ್ಲ ತಿಂಗಳಿಗೊಮ್ಮೆ ತೂಗುವ ದಿನವೂ, ಹೆಣ್ಣುಮಕ್ಕಳ ಓದಿಗಾಗಿ ದುಡಿದ ಕಾರ್ತಿನಿಯ ನೆನಪಿಗೆ ಹೆಂಗಸರೆಲ್ಲ ಸಿಂಗರಿಸಿಕೊಳ್ಳುವ ಕಾರ್ತಿನಿ ದಿನವೂ ಒಂದೇ ಭಾನುವಾರ ಬಿದ್ದಿದ್ದವು. ಇಪ್ಪತ್ತು ವರ್ಷದಿಂದ ಪಕ್ ಮರ್ವೊತೊ ಅವರ ಹೆಂಡತಿ ಬು ಮರ್ವೊತೊ ಮತ್ತು ನಾಲ್ಕು ಹೆಂಗಸರು ಸದ್ದಿಲ್ಲದೆ ನಡೆಸುತ್ತಿದ್ದ ಆ ಕೆಲಸವನ್ನು ಈ ಸಲ ಪೂರ್ತಿ ಗಂಡಸರೇ ನಡೆಸುವುದು. ಹೆಸರು ಬರೆಯುವುದು, ತೂಗುವುದು, ಕಾರ್ಡು ತುಂಬುವುದು, ತಾಯಂದಿರಿಗೆ ಸಲಹೆ, ಮಕ್ಕಳಿಗೆ ಹೆಸರುಕಾಳಿನ ಪಾಯಸ, ಎಲ್ಲವೂ. ತಾಯಂದಿರು ಅತಿಥಿಗಳು. ಕೂತಲ್ಲಿಂದ ಏಳಕೂಡದು.

"ನೀವು ಬೆರಳು ಕೂಡ ಎತ್ತಬೇಡಿ," ಎಂದ ಲುಕಿತೊ. ಆ ಮೇಲಿನ ಹತ್ತು ದಿನ ವೆನಿಂಗ್ ಬ್ಯಾನರಿನ ಅಂಚು ಹೊಲಿದಳು, ಹದಿನಾಲ್ಕು ನೇರಳೆ ಬಾತಿಕ್ ಅಂಗಿಗಳಿಗೆ ಇಸ್ತ್ರಿ ಹಾಕಿದಳು, ಪಾಯಸ ಮಾಡುವ ಬಗೆಯನ್ನು ಎರಡು ಪುಟ ಬರೆದುಕೊಟ್ಟಳು, ಕೊನೆಗೆ ಅಧ್ಯಕ್ಷರ ಭಾಷಣವನ್ನೂ ತಿದ್ದಿಕೊಟ್ಟಳು. (ಅದರಲ್ಲಿ 'ನನ್ನ ಹೆಂಡತಿಯ ಮೇಲೆ ಈಗ ಹೊರೆಯೇ ಇಲ್ಲ' ಎಂಬ ವಾಕ್ಯದ ಕಾಗುಣಿತ ತಪ್ಪಿತ್ತು. ಸರಿಮಾಡಿದಳು.)

ಶನಿವಾರ ಸಂಜೆ ಲುಕಿತೊ ಸಮುದಾಯ ಭವನವನ್ನು ಗುಡಿಸಿ ಸಾರಿಸಿ, ಒಂದು ಗಂಟು ಬಟ್ಟೆ ತಂದು ಅವಳ ಮುಂದೆ ಹಾಕಿದ.

"ತೂಗುವಾಗ ಮಗು ಕೂರಿಸೋ ಹಳೇ ಜೋಲಿ. ಎಷ್ಟು ಕೊಳೆ ನೋಡು! ನಾವು ಹೊಸದು ಹೊಲಿಸಿದೀವಿ, ಮೆತ್ತೆ ಗಿತ್ತೆ ಎಲ್ಲ ಇಟ್ಟು, ರಂಗದ ಲಾಂಛನ ಹಾಕಿ. ತಕ್ಕಡಿಗೂ ದೃಷ್ಟಿಗೆ ಅಂತ ಏನೇನೋ ಕಟ್ಟಿದ್ರು, ಎಲ್ಲ ಕಿತ್ತು ಶುದ್ಧ ಮಾಡಿದೀನಿ. ವಿಜ್ಞಾನದ ಮೇಷ್ಟ್ರು ಇರೋ ಓಣೀಲಿ ಅದೆಲ್ಲ ನಡಿಯಲ್ಲ. ಇದನ್ನೆಲ್ಲ ಒಂಚೂರು ಒಗೆದುಬಿಡು."

ವೆನಿಂಗ್ ನಾಳೆಯ ತೂಕದ ಗುಂಗಿನಲ್ಲಿದ್ದಳು, ಅರ್ಧ ಕೇಳಿಸಿತು ಅರ್ಧ ಇಲ್ಲ. ಗಂಟಿನೊಳಗೆ ಯಾವುದೋ ಮಗುವಿನ ಕಾಲುಚೀಲವೊಂದು ಸಿಕ್ಕಿತು. ಕೆಂಪು, ಮೇಲೆ ಹಳದಿ ಬಾತುಕೋಳಿ. ಒಳಗೆಲ್ಲ ಮರಳು. 'ಮಕ್ಕಳ ಆಟ' ಎಂದುಕೊಂಡು ಮರಳನ್ನು ಮಲ್ಲಿಗೆಯ ಕುಂಡಕ್ಕೆ ಸುರಿದು, ಅದನ್ನು ಕುದಿಯುವ ನೀರಿನಲ್ಲಿ ಎರಡು ಸಲ ಅದ್ದಿ (ರೋಗಾಣುಗಳ ವಿಷಯದಲ್ಲಿ ಅವಳು ಯಾರನ್ನೂ ನಂಬುವುದಿಲ್ಲ), ಒಗೆದು ಹಾಕಿದಳು. ಬೆಳಗ್ಗೆ ನೋಡಿದರೆ ಗೆಂಡಿಸಳ ಒಂಟಿ ಉಳಿದಿದ್ದ ಕೆಂಪು ಕಾಲುಚೀಲಕ್ಕೆ ಹೇಳಿ ಮಾಡಿಸಿದ ಜೋಡಿ! ಆ ತಿಂಗಳಲ್ಲಿ ಅವಳಿಗೆ ಆದ ಒಂದೇ ಒಂದು ಒಳ್ಳೆಯ ಸಂಗತಿ ಅದು.

ಭಾನುವಾರ ಬೆಳಗ್ಗೆ ಎಂಟಕ್ಕೆ ಓಣಿಯ ಮೂವತ್ತು ತಾಯಂದಿರು ಉಸಿರು ಕಟ್ಟುವ ಕೆಬಾಯ ರವಿಕೆಗಳಲ್ಲಿ, ತಲೆಗಿಂತ ದೊಡ್ಡ ತುರುಬುಗಳಲ್ಲಿ, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ವಿಶ್ರಾಂತಿ ಪಡೆಯತೊಡಗಿದರು. (ಆ ತುರುಬಿಗಾಗಿ ಎಲ್ಲರೂ ನಾಲ್ಕು ಗಂಟೆಗೇ ಎದ್ದಿದ್ದರು.) ಮುಂದೆ ನೇರಳೆ ರಿಬ್ಬನ್ನು. ಅದಕ್ಕೊಂದು ಫಲಕ: 'ತಾಯಂದಿರ ವಿಶ್ರಾಂತಿ ವಲಯ. ದಾಟಬಾರದು.' ವೆನಿಂಗಳ ಎಡಕ್ಕೆ ಕ್ಲಾತೆನ್‌ನಿಂದ ಮೊದಲ ರೈಲಿಗೆ ಬಂದಿಳಿದ ಅತ್ತೆ. ಅವರ ಕಾಲ ಬಳಿ ಒಂದು ದೊಡ್ಡ ಚೀಲ. ಆ ಚೀಲದ ಗಾತ್ರ ಒಂದು ದಿನದ್ದಲ್ಲ, ಎರಡು ವರ್ಷದ್ದು. ಬಲಕ್ಕೆ ಬು ಮರ್ವೊತೊ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕೈಯಲ್ಲಿ ಕೆಲಸವಿಲ್ಲದೆ ಕೂತು, ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವು ಯಾರವೋ ಎಂಬಂತೆ ನೋಡುತ್ತಿದ್ದರು.

ಪಕ್ ಮರ್ವೊತೊ ಮೈಕು ಹಿಡಿದರು. "ಇಂದಿನಿಂದ ನಮ್ಮ ಓಣಿಯಲ್ಲಿ ಹೆಂಗಸರನ್ನು ಗಂಡನ ಹೆಸರಿನಿಂದ ಕರೆಯುವ ಪದ್ಧತಿ ರದ್ದು! ಅವರವರ ಹೆಸರಿನಿಂದಲೇ ಕರೆಯತಕ್ಕದ್ದು! ಮೊದಲಿಗೆ ನನ್ನ ಧರ್ಮಪತ್ನಿ ಪೋನಿಯೆಮ್ ಅವರು ವೇದಿಕೆಗೆ ಬರಬೇಕು!"

ಯಾರೂ ಏಳಲಿಲ್ಲ.

"ಪೋನಿಯೆಮ್ ಅವರು!"

ಬು ಮರ್ವೊತೊ ಹಿಂದೆ ತಿರುಗಿ ನೋಡಿದರು. "ಯಾರಪ್ಪಾ ಅದು? ಕರೆದಾಗ ಬರೋದಲ್ವಾ?"

"ಲೇ, ನೀನೇ ಕಣೇ!" ಎಂದರು ಗೌರವಾಧ್ಯಕ್ಷರು ಮೈಕಿನಲ್ಲೇ.

ಆಮೇಲೆ ಕೆಲಸ ಶುರುವಾಯಿತು. ತಾಯಂದಿರ ಮಡಿಲಿನಿಂದ ಮಕ್ಕಳನ್ನು ಅಪ್ಪಂದಿರು ಎತ್ತಿಕೊಂಡು ಸಾಲಾಗಿ ನಿಂತರು. ಹೆಸರು ಬರೆಯುವ ಮೇಜಿನಲ್ಲಿ ಬ್ಯಾಂಕಿನ ಗುಮಾಸ್ತ ಪಕ್ ಸೇನೊ ಒಂದು ವರ್ಷದ ಮಗುವಿಗೂ ಗುರುತಿನ ಚೀಟಿಯ ಎರಡು ಪ್ರತಿ ಕೇಳಿದರು. ಸಲಹೆಯ ಮೇಜಿನಲ್ಲಿ ಪಕ್ ಮರ್ವೊತೊ ತಮ್ಮ ಬಾಲ್ಯದ ಬಗ್ಗೆ ಹೇಳತೊಡಗಿದರು. ಹಿಂದಿನಿಂದ ಪಾಯಸ ತಳ ಹಿಡಿದ ವಾಸನೆ ತೇಲಿಬಂತು. ಮೂವತ್ತು ತಾಯಂದಿರ ಮೂಗು ಒಟ್ಟಿಗೇ ಅತ್ತ ತಿರುಗಿತು. ಮೂವತ್ತು ಜನ ಅರ್ಧ ಎದ್ದು, ರಿಬ್ಬನ್ನು ನೋಡಿ, ಮತ್ತೆ ಕೂತರು.

ಭವನದ ತೊಲೆಗೆ ತೂಗುಹಾಕಿದ ದಂಡದ ತಕ್ಕಡಿಯ ಬಳಿ ಸ್ವತಃ ಲುಕಿತೊ. ತೂಗಿದ ಮಗುವನ್ನೆಲ್ಲ, "ಒಂದೇ ಒಂದು ನಿಮಿಷ ಹಿಡ್ಕೊಳ್ಳಿ, ಮುಂದಿನದು ತೂಗಬೇಕು," ಎಂದು ತಾಯಂದಿರ ಕೈಗೇ ತಿರುಗಿ ಕೊಡುತ್ತಿದ್ದ. ಅರ್ಧ ಗಂಟೆಯಲ್ಲಿ ವಿಶ್ರಾಂತಿ ವಲಯದಲ್ಲಿ ಹತ್ತೊಂಬತ್ತು ಮಕ್ಕಳು ಒಕ್ಕೊರಲಿನಲ್ಲಿ ಅಳುತ್ತಿದ್ದವು.

ಗೆಂಡಿಸಳ ಸರದಿ ಬಂತು. ವೆನಿಂಗ್ ಕಣ್ಣು ಮುಚ್ಚಿಕೊಂಡಳು.

"ಎಂಟು ಕಿಲೋ ನಾನೂರು!" ಲುಕಿತೊ ಕೂಗಿದ. "ಎಂಟು! ನಾನೂರು!"

ಒಂದು ಕಿಲೋ ಇನ್ನೂರು ಗ್ರಾಂ ಹೆಚ್ಚು! ಕಾರ್ಡಿನ ಗೆರೆ ಚಾಪೆಯಿಂದೆದ್ದು ಗೋಡೆ ಹತ್ತಿತ್ತು. ವೆನಿಂಗ್ ಮಗುವನ್ನು ಎದೆಗೊತ್ತಿಕೊಂಡಳು. ಗಜ್ಜರಿ ಮುದ್ದೆ ಗೆದ್ದಿತ್ತು! ಹನ್ನೊಂದು ಗ್ರಾಂ ಹನ್ನೊಂದು ಗ್ರಾಂ ಸೇರಿ ಗೆದ್ದಿತ್ತು! ವಾರೆನೋಟದಲ್ಲಿ ಅತ್ತೆಯನ್ನು ನೋಡಿದಳು.

ಅತ್ತೆ ಗೆಂಡಿಸಳ ತೋಳು ಹಿಸುಕಿ ನೋಡಿದರು. "ಎಲ್ಲಿ ಸೇರ್ಕೊಂಡಿದೆಯೋ ಆ ಒಂದು ಕಿಲೋ," ಎಂದರು. ಆದರೂ ಕಾಲಿನಿಂದ ಚೀಲವನ್ನು ಕುರ್ಚಿಯ ಕೆಳಗೆ ಸ್ವಲ್ಪ ಹಿಂದಕ್ಕೆ ತಳ್ಳಿದರು. ಆ ತಳ್ಳುವಿಕೆ ವೆನಿಂಗಳ ಕಿವಿಗೆ ಸಂಗೀತದಂತಿತ್ತು.

ಬಲಬದಿಯಿಂದ ಬು ಮರ್ವೊತೊ ಗೊಣಗಿದರು. "ಎಲ್ಲಾ ಮಕ್ಕಳೂ ಒಂದೊಂದು ಕಿಲೋ ಏರಿವೆ. ಒಂದು ತಿಂಗಳಲ್ಲಿ. ಇದೇನು ಹಂದಿಮರಿಗಳಾ? ...ಅಲ್ಲ, ತಕ್ಕಡಿ ಬಾಲದಲ್ಲಿ ನನ್ನ ಕಾಲುಚೀಲ ಕಾಣ್ತಿಲ್ಲವಲ್ಲ?"

"ಯಾವ ಕಾಲುಚೀಲ, ಬು?"

"ಮರಳು ತುಂಬಿ ದಂಡದ ಆ ತುದೀಗೆ ಕಟ್ಟಿರ್ತೀನಲ್ಲ. ಜೋಲಿ ಭಾರಕ್ಕೆ ಸಮ ಆಗಲಿ ಅಂತ. ಅದಿಲ್ಲದೆ ತೂಗಿದ್ರೆ ಮಗು ಜೊತೆ ಜೋಲೀನೂ ತೂಗಿದ ಹಾಗೆ. ನನ್ನ ಮಗ ಹೇರು ಚಿಕ್ಕವನಿದ್ದಾಗಿಂದು ಅದು. ಈಗ ಅವನು ಇಷ್ಟುದ್ದ ಮೀಸೆ ಬಿಟ್ಕೊಂಡು ಪೊಲೀಸ್ ಆಗಿದಾನೆ. ಕೆಂಪು ಬಣ್ಣ, ಮೇಲೆ ಹಳದಿ ಬಾತುಕೋಳಿ."

ವೆನಿಂಗ್ ನಿಧಾನವಾಗಿ ಕೆಳಗೆ ನೋಡಿದಳು. ಗೆಂಡಿಸಳ ಎಡಗಾಲಿನಲ್ಲಿ ಹಳದಿ ಬಾತುಕೋಳಿ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿತ್ತು.

ಅವಳು ಹೆಗಲ ಮೇಲಿನ ಶಾಲು ಎಳೆದು ಆ ಕಾಲನ್ನು ಮುಚ್ಚಿದಳು.

ಮುಂದಿನ ಎರಡು ನಿಮಿಷ ಅವಳ ತಲೆಯೊಳಗೆ ನಡೆದ ವಾದವಿವಾದ ಯಾವ ನ್ಯಾಯಾಲಯದಲ್ಲೂ ನಡೆದಿರಲಿಕ್ಕಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅತ್ತೆ ಸಂಜೆಯ ರೈಲಿಗೆ. ಮುಂದಿನ ತಿಂಗಳ ವಿಷಯ ಮುಂದಿನ ತಿಂಗಳು. ಬಾಯಿ ಬಿಟ್ಟರೆ ಎರಡು ವರ್ಷ ಕಷಾಯ, ಅಟ್ಟದ ಮೇಲೆ ಡಯಾಪರು. ಎಲ್ಲರೂ ನಗುತ್ತಿದ್ದಾರೆ. ಗಂಡ ಹೊಳೆಯುತ್ತಿದ್ದಾನೆ. ಒಂದು ಜೋಲಿಯ ಭಾರದಿಂದ ಯಾರಿಗೆ ಏನು ನಷ್ಟ?

ಆಗ ಹಿಂದಿನ ಸಾಲಿನಿಂದ ತಾತಿಕ್ ಅವಳ ಭುಜ ಹಿಡಿದಳು. ಓಣಿಯ ಕೊನೆಯ ಮನೆಯ ಹುಡುಗಿ ತಾತಿಕ್. ಅವಳ ಮಗ ರಗಿಲ್ ಹುಟ್ಟಿದಾಗಿನಿಂದ ನೂಲಿನಂತಿದ್ದ. ತಾತಿಕಳ ಕಣ್ಣಲ್ಲಿ ನೀರಿತ್ತು. "ಅಕ್ಕಾ, ಆರು ಕಿಲೋ ಒಂಬೈನೂರು! ಹೋದ ಸಲ ಬರೀ ಆರು ಕಿಲೋ ನೂರು ಇತ್ತು. ನಾಳೆ ಡಾಕ್ಟರ ಹತ್ರ ಕರ್ಕೊಂಡು ಹೋಗಬೇಕಿತ್ತು. ಇನ್ನು ಬೇಡ ಅಲ್ವಾ? ಬೇಡ ಅಲ್ವಾ ಅಕ್ಕಾ?"

ಮೈಕಿನಲ್ಲಿ ಪಕ್ ಮರ್ವೊತೊ ಘೋಷಿಸುತ್ತಿದ್ದರು: "ಗಂಡಸರ ಒಂದೇ ದಿನದ ಆಡಳಿತದಲ್ಲಿ, ಮಹನೀಯರೇ, ಓಣಿಯ ಮಕ್ಕಳು ಸರಾಸರಿ ಒಂದು ಕಿಲೋ ಏರಿದ್ದಾರೆ!" ಚಪ್ಪಾಳೆ ಬಿತ್ತು. ಆರೋಗ್ಯ ಕೇಂದ್ರದ ನರ್ಸ್ ಬು ಹಾರ್ನಿ ಆಗತಾನೆ ಸ್ಕೂಟರಿನಿಂದಿಳಿದು, ಹುಬ್ಬೇರಿಸಿಕೊಂಡು, ಆ ಅಂಕಿಗಳನ್ನು ಮೇಲಿನವರಿಗೆ ಕಳಿಸಲು ಫೋನು ತೆಗೆಯುತ್ತಿದ್ದರು.

ವೆನಿಂಗ್ ಎದ್ದಳು. ಬಿಗಿಯಾದ ಕೆಬಾಯದಲ್ಲಿ ರಿಬ್ಬನ್ನು ದಾಟಲು ಹೋಗಿ, ದಾಟಲಾಗದೆ, ಅದನ್ನು ಎಳೆದುಕೊಂಡೇ ತಕ್ಕಡಿಯ ಬಳಿ ನಡೆದಳು.

"ತೂಕ ತಪ್ಪು," ಎಂದಳು. "ಎಲ್ಲರದ್ದೂ. ನಮ್ಮನೇದೂ." ಮಗುವಿನ ಎಡಗಾಲನ್ನು ಎತ್ತಿ ತೋರಿಸಿದಳು. "ಇದು ಅಲ್ಲಿರಬೇಕಿತ್ತು. ಒಳಗಿನ ಮರಳು ನಮ್ಮ ಮಲ್ಲಿಗೆ ಕುಂಡದಲ್ಲಿದೆ, ಹಳೇ ಜೋಲಿ ಹಗ್ಗದ ಮೇಲಿದೆ."

ಲುಕಿತೊ ತಕ್ಕಡಿಯ ಬಾಲ ನೋಡಿದ, ಹೊಸ ಜೋಲಿಯ ದಪ್ಪ ಮೆತ್ತೆ ನೋಡಿದ, ಬಾತುಕೋಳಿಯನ್ನು ನೋಡಿದ. ಭೌತಶಾಸ್ತ್ರವೆಲ್ಲ ಒಟ್ಟಿಗೇ ನೆನಪಾಗಿ ಅವನ ಮುಖ ಅಂಗಿಯ ಬಣ್ಣಕ್ಕೆ ತಿರುಗಿತು.

"ನಾನು ಬರೀ ಬಿಚ್ಚಿದ್ದು," ಎಂದ. "ಮರಳು ಚೆಲ್ಲಿದ್ದು ಇವಳು."

"ತಪ್ಪಿನಲ್ಲೂ ಅರ್ಧ ಅರ್ಧ," ಎಂದು ಯಾರೋ ಹಿಂದಿನಿಂದ ಅಂದರು.

"ಮೇಷ್ಟ್ರೇ, ಸಮತೋಲನದ ಪಾಠದಲ್ಲಿ ನನ್ನ ಮಗನಿಗೆ ನಲವತ್ತೇ ಅಂಕ ಕೊಟ್ಟಿದ್ರಲ್ಲ," ಎಂದು ಪಕ್ ಸೇನೊ ವಿಚಾರಿಸಿದರು. "ಅದನ್ನೊಂದು ಸಲ ಮತ್ತೆ ನೋಡಬಹುದಾ?"

ಮುಂದೇನೆಂದು ಯಾವ ಗಂಡಸಿಗೂ ತೋಚಲಿಲ್ಲ. ತುರ್ತು ಸಭೆ ಕರೆಯಬೇಕೆಂದು ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು.

"ಬು ಪೋನಿಯೆಮ್!" ವೆನಿಂಗ್ ಕೂಗಿದಳು.

ಈ ಸಲ ಬು ಮರ್ವೊತೊ ಹಿಂದೆ ತಿರುಗಿ ನೋಡಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದಾಗ ಏಳುವ ಹುಡುಗಿಯಂತೆ ತಟ್ಟನೆ ಎದ್ದರು. ಕೆಬಾಯದ ತೋಳು ಮೇಲಕ್ಕೆ ಸರಿಸಿದರು. "ಬಾತುಕೋಳಿ ಈಚೆ ಕೊಡು. ಯಾರಾದ್ರೂ ವೆನಿಂಗ್ ಮನೆ ಹಗ್ಗದ ಮೇಲಿಂದ ಹಳೇ ಜೋಲಿ ತನ್ನಿ. ಮಲ್ಲಿಗೆ ಕುಂಡದಿಂದ ಮರಳು. ತಾತಿಕ್, ನೀನು ಬರಿ. ಗಂಡಸರೆಲ್ಲ ಹೋಗಿ ಆ ಕುರ್ಚಿ ಮೇಲೆ ಕೂತ್ಕೊಳ್ಳಿ, ಅಡ್ಡ ಬರಬೇಡಿ."

ಗಂಡಸರು ಹೋಗಿ ಕೂತರು. ಅವರ ಮುಖದಲ್ಲಿ ಕಂಡದ್ದು ಅವಮಾನವೋ ನೆಮ್ಮದಿಯೋ ಹೇಳುವುದು ಕಷ್ಟ. ತಳ ಹಿಡಿದ ಪಾಯಸವನ್ನು ಅವರೇ ತಿಂದರು. ಮೂವತ್ತು ಮಕ್ಕಳನ್ನು ಮತ್ತೆ ತೂಗಲು ಹೆಂಗಸರಿಗೆ ಹಿಡಿದದ್ದು ಮುಕ್ಕಾಲು ಗಂಟೆ.

ರಗಿಲ್ ಆರು ಕಿಲೋ. ನೂರು ಗ್ರಾಂ ಇಳಿದಿದ್ದ. ಬು ಹಾರ್ನಿ ಕಾರ್ಡಿನ ಮೇಲೆ ಕೆಂಪು ಗೆರೆ ತೋರಿಸಿ, "ನಾಳೆ ಅಲ್ಲ, ಈಗಲೇ ಡಾಕ್ಟರಿಗೆ ಫೋನ್ ಮಾಡ್ತೀನಿ," ಎಂದರು. ತಾತಿಕ್ ಅಳಲಿಲ್ಲ. ವೆನಿಂಗಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ಕೊನೆಗೆ ಗೆಂಡಿಸ್. ಅತ್ತೆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಕ್ಕಡಿಯ ಪಕ್ಕಕ್ಕೇ ಬಂದು ನಿಂತಿದ್ದರು. ದಂಡ ತೂಗಾಡಿತು, ನಿಂತಿತು.

"ಏಳು ಕಿಲೋ ಐನೂರು," ಎಂದರು ಬು ಮರ್ವೊತೊ. "ಮುನ್ನೂರು ಗ್ರಾಂ ಏರಿದಾಳೆ. ನಿಜವಾದ ಮುನ್ನೂರು."

ವೆನಿಂಗ್ ಮಗುವನ್ನು ಜೋಲಿಯಿಂದ ಎತ್ತಿಕೊಂಡಳು. ಬು ಹಾರ್ನಿ ನಗುತ್ತ, "ಪರವಾಗಿಲ್ವೇ! ಏನು ಕೊಟ್ಟೆ ಈ ತಿಂಗಳು?" ಎಂದು ಕೇಳಿದ್ದೇ ತಡ, ಅವಳು ಕೆಬಾಯದ ಸೊಂಟದಿಂದ ನೋಟುಪುಸ್ತಕ ಹೊರಗೆಳೆದಳು. ಆ ಕ್ಷಣಕ್ಕಾಗಿಯೇ ಅದು ಹುಟ್ಟಿತ್ತು.

ಬು ಹಾರ್ನಿ ಪುಟ ತಿರುವಿದರು. ನಗು ಸಣ್ಣಗಾಯಿತು. "ಇದೇನಮ್ಮಾ, ದಿನಕ್ಕೆ ಹನ್ನೊಂದು ಗ್ರಾಂ? ಇಷ್ಟರಲ್ಲಿ ಗುಬ್ಬಚ್ಚೀನೂ ಬೆಳೆಯಲ್ಲ. ಹೋದ ತಿಂಗಳೂ ಇದೇ ಲೆಕ್ಕ. ಈ ತಿಂಗಳು ಹೊಸದಾಗಿ ಏನೋ ಆಗಿದೆ. ಶುಕ್ರವಾರ ಶುಕ್ರವಾರ ಯಾಕೆ ಮಗು ರಾತ್ರಿ ತಿಂತಿಲ್ಲ? ಶುಕ್ರವಾರ ಏನು ನಿಮ್ಮನೇಲಿ?"

"ಶುಕ್ರವಾರ... ರಂಗದ ಸಭೆ," ಎಂದಳು ವೆನಿಂಗ್.

ಕುರ್ಚಿಗಳ ಮೇಲೆ ಹದಿನಾಲ್ಕು ಗಂಡಸರು ಏಕಕಾಲಕ್ಕೆ ತಮ್ಮ ಕಾಲ್ಬೆರಳು ನೋಡಿಕೊಂಡರು.

ಪಕ್ ಮರ್ವೊತೊ ಕೆಮ್ಮಿದರು. "ನಾನು ಒಂದೇ ಒಂದು ಚೂರು ಕೊಟ್ಟಿದ್ದು. ಬಜ್ಜಿ ಒಳಗಿನ ಮೆತ್ತನೆ ತೆಂಪೆ. ಬಾಯಿ ಬಾಯಿ ಬಿಡ್ತಿತ್ತು ಪಾಪ."

"ನೀವೂನಾ?" ಎಂದರು ಪಕ್ ಸೇನೊ. "ನಾನೊಬ್ಬನೇ ಅಂದ್ಕೊಂಡಿದ್ದೆ. ನಾನು ಎರಡು... ಮೂರು ಕೊಡ್ತಿದ್ದೆ."

"ನಾನು ಬಾಳೆಹಣ್ಣು ಜೇಬಲ್ಲಿ ಇಟ್ಕೊಂಡೇ ಬರ್ತಿದ್ದೆ."

"ನಾನು ಬೇಯಿಸಿದ ಮೊಟ್ಟೆ. ನಮ್ಮನೆಯವಳಿಗೆ ಗೊತ್ತಿಲ್ಲದ ಹಾಗೆ."

ಹದಿನಾಲ್ಕು ಜನರೂ ಒಪ್ಪಿಕೊಂಡರು. ಹದಿನಾಲ್ಕು ಜನರೂ ತಾನೊಬ್ಬನೇ ಕಳ್ಳನೆಂದು ತಿಳಿದಿದ್ದರು. ಎಲ್ಲರ ನಂತರ ಸ್ಥಾಪಕ ಅಧ್ಯಕ್ಷ ತಲೆ ಕೆರೆದುಕೊಂಡ. "ಬಜ್ಜಿ ಮತ್ತೆ ಮತ್ತೆ ಯಾಕೆ ಕೇಳ್ತಿದ್ದೆ ಅಂದ್ಕೊಂಡೆ, ದಿಕ್?"

ವೆನಿಂಗ್ ಬು ಹಾರ್ನಿಯ ಕೈಯಲ್ಲಿದ್ದ ಶುಕ್ರವಾರದ ಪುಟವನ್ನು ನೋಡಿದಳು. ಪಿತ್ತಕೋಶವಲ್ಲ, ನರವಲ್ಲ, ಹನ್ನೊಂದು ಕಾಯಿಲೆಗಳಲ್ಲಿ ಒಂದೂ ಅಲ್ಲ. ಅವಳೇ ಕರಿದದ್ದು, ಅವಳ ಮಗಳ ಹೊಟ್ಟೆಗೆ, ಅವಳ ಕೈಯೊಂದನ್ನು ಬಿಟ್ಟು ಇಡೀ ಓಣಿಯ ಕೈಯಿಂದ ಹೋಗಿತ್ತು.

"ಎಣ್ಣೆ, ಉಪ್ಪು ಕಮ್ಮಿ ಮಾಡಿ. ತೆಂಪೆ, ಮೊಟ್ಟೆ, ಬಾಳೆಹಣ್ಣು ಎಲ್ಲ ಸರಿಯಾಗೇ ಇದೆ," ಎಂದು ಬು ಹಾರ್ನಿ ಕಾರ್ಡಿನ ಮೇಲೆ ಬರೆಯತೊಡಗಿದರು. "ನಾಲ್ಕು ಜನರ ಮಧ್ಯೆ ಕೂತ್ರೆ ಮಕ್ಕಳು ತಿಂತಾವೆ. ನಿಮ್ಮ ಸಭೆ ವಾರಕ್ಕೆ ಎರಡು ಸಲ ಆಗಲಿ. ಮಂಗಳವಾರ, ಶುಕ್ರವಾರ. ಡಾಕ್ಟರು ನೋಡಿದ ಮೇಲೆ ರಗಿಲ್‌ನನ್ನೂ ಕೂರಿಸ್ಕೊಳ್ಳಿ."

ರಂಗದ ಇತಿಹಾಸದಲ್ಲಿ ಅಷ್ಟು ಬೇಗ, ಅಷ್ಟು ಒಮ್ಮತದಿಂದ ಅಂಗೀಕಾರವಾದ ನಿರ್ಣಯ ಇನ್ನೊಂದಿಲ್ಲ.

ವೆನಿಂಗ್ ಕೊನೆಯ ಆಸರೆಯೆಂಬಂತೆ ಅತ್ತೆಯತ್ತ ತಿರುಗಿದಳು. "ಇಬು, ತೂಕ ಏರಿದೆ ನೋಡಿ. ನಿಜವಾಗ್ಲೂ ಏರಿದೆ. ಮಾತು ಮಾತೇ ಅಲ್ವಾ? ಸಂಜೆ ರೈಲು ಐದೂವರೆಗಿದೆ. ನಾನೇ ಬಂದು ಹತ್ತಿಸ್ತೀನಿ."

ಅತ್ತೆಯ ಕಣ್ಣಲ್ಲಿ ಆಗ ಕಂಡದ್ದು ಅಪ್ಪಟ ಕನಿಕರ. "ವಾರಕ್ಕೆ ಎರಡು ಸಲ, ಹದಿನಾಲ್ಕು ಗಂಡಸರು, ಎರಡು ಮಕ್ಕಳು. ಅಷ್ಟು ಬಜ್ಜಿ ನಿನ್ನೊಬ್ಬಳ ಕೈಲಿ ಕರಿಯೋಕೆ ಆಗುತ್ತಾ ಮಗಳೇ? ಇನ್ನು ನಿನ್ನನ್ನ ಹೇಗೆ ಬಿಟ್ಟುಹೋಗಲಿ?" ಎಂದು ಚೀಲದ ಬಾಯಿ ಬಿಚ್ಚಿದರು. ಒಳಗೆ ಕಷಾಯದ ಒರಳುಕಲ್ಲು ಮಲಗಿತ್ತು.

ಮಂಗಳವಾರ ಸಂಜೆ ನಡುಮನೆಯಲ್ಲಿ ಲುಕಿತೊ ಅಡುಗೆಮನೆಯ ಕಾಣದ ದುಡಿಮೆಯ ಬಗ್ಗೆ ಮತ್ತೊಂದು ಉಪನ್ಯಾಸ ಆರಂಭಿಸಿದ. ಒಲೆಯ ಪಕ್ಕದಲ್ಲಿ ಅತ್ತೆ ಅರಿಶಿನ ಅರೆಯುತ್ತಿದ್ದರು. ಡಬ್ಬಿಗಳೆಲ್ಲ ಆಗಲೇ ಜಾಗ ಬದಲಿಸಿದ್ದವು. ಸಕ್ಕರೆ ಎಲ್ಲಿದೆಯೆಂದು ಈಗ ವೆನಿಂಗ್‌ಗೂ ಗೊತ್ತಿರಲಿಲ್ಲ. ರಾತ್ರಿ ಊಟಕ್ಕೆ ಗೆಂಡಿಸ್ ಚಮಚ ನೋಡಿ ನಕ್ಕು ಬಾಯಿ ಮುಚ್ಚಿಕೊಂಡಳು. ವೆನಿಂಗ್ ನೋಟುಪುಸ್ತಕ ತೆರೆದು ಬರೆದಳು:

'ಮಂಗಳ. ನನ್ನ ಕೈಯಿಂದ, ಸೊನ್ನೆ ಗ್ರಾಂ. ಸಮಾನತೆಯಿಂದ, ನಾಲ್ಕು ಬಜ್ಜಿ, ಅರ್ಧ ಮೊಟ್ಟೆ.'